ಲಂಡನ್ನಿನ ತೆರೆದ ಉಗ್ರಾಣ: ದೊಡ್ಡ ಮಕ್ಕಳ ಜತೆ ಹೋಗುವುದು ಹೇಗೆ

ಊರ ಕಡೆಯ ದೊಡ್ಡ ಮನೆಗಳಲ್ಲಿ ನೆಂಟರನ್ನು ಕೂರಿಸುವುದು ಹಜಾರದಲ್ಲಿ. ಮಕ್ಕಳ ಕಣ್ಣು ಇರುವುದು ಅಟ್ಟದ ಮೇಲೆ. ಹಜಾರದಲ್ಲಿರುವುದನ್ನೆಲ್ಲ ಯಾರೋ ಆರಿಸಿ, ಒರೆಸಿ, ಜೋಡಿಸಿ ಇಟ್ಟಿರುತ್ತಾರೆ. ಅಟ್ಟದಲ್ಲಿ ಮುರಿದ ತೊಟ್ಟಿಲ ಪಕ್ಕದಲ್ಲೇ ತಾಮ್ರದ ಹಂಡೆ, ಹಂಡೆಯೊಳಗೆ ಯಾರದೋ ಮದುವೆಯ ಪೇಟ. ಮ್ಯೂಸಿಯಂಗಳಿಗೂ ಇಂಥ ಅಟ್ಟ ಇರುತ್ತದೆ. ಇಷ್ಟು ದಿನ ಅಲ್ಲಿಗೆ ಹತ್ತಲು ಏಣಿ ಸಿಗುತ್ತಿದ್ದದ್ದು ಸಂಶೋಧಕರಿಗೆ ಮಾತ್ರ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಆ ಏಣಿಯನ್ನು ಎಲ್ಲರಿಗೂ ಇಳಿಬಿಟ್ಟಿದೆ. ಅದರ ಸಂಗ್ರಹ 28 ಲಕ್ಷಕ್ಕೂ ಮೀರಿದ್ದು. ಗ್ಯಾಲರಿಯಲ್ಲಿ ಕಾಣುವುದು ಅದರಲ್ಲೊಂದು ಸಣ್ಣ ಪಾಲು. ಉಳಿದದ್ದರಲ್ಲಿ ಬಹಳಷ್ಟು ದಶಕಗಟ್ಟಲೆ ಪಶ್ಚಿಮ ಲಂಡನ್ನಿನ ಬ್ಲೈಥ್ ಹೌಸ್ ಎಂಬ ಹಳೆಯ ಕಟ್ಟಡದಲ್ಲಿತ್ತು. ಆ ಕಟ್ಟಡವನ್ನು ಮಾರುವುದೆಂದು 2015ರಲ್ಲಿ ಸರ್ಕಾರ ತೀರ್ಮಾನಿಸಿದಾಗ ಸಾಮಾನು ಸಾಗಿಸಲೇಬೇಕಾಯಿತು. ಪೂರ್ವ ಲಂಡನ್ನಿನಲ್ಲಿ, 2012ರ ಒಲಿಂಪಿಕ್ಸ್‌ಗೆಂದು ಕಟ್ಟಿದ ಮಾಧ್ಯಮ ಕೇಂದ್ರದ ಒಂದು ಭಾಗ ಹೊಸ ಮನೆಯಾಯಿತು. 2025ರ ಮೇ 31ರಂದು ‘ವಿ ಅಂಡ್ ಎ ಈಸ್ಟ್ ಸ್ಟೋರ್‌ಹೌಸ್’ ಎಂಬ ಹೆಸರಿನಲ್ಲಿ ಬಾಗಿಲು ತೆರೆಯಿತು. ಎರಡೂವರೆ ಲಕ್ಷ ವಸ್ತುಗಳು, ಮೂರೂವರೆ ಲಕ್ಷ ಪುಸ್ತಕಗಳು, ಸಾವಿರದಷ್ಟು ದಾಖಲೆ ಸಂಗ್ರಹಗಳು. ಪ್ರವೇಶಕ್ಕೆ ದುಡ್ಡಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ, ಬೇಸಿಗೆ ರಜೆಗೆ ಮಗ, ಮಗಳ ಮನೆಗೆ ಬರುವ ಅಜ್ಜ ಅಜ್ಜಿಯರಿಗೂ ಇದನ್ನು ಬರೆಯುತ್ತಿದ್ದೇನೆ. ಮಕ್ಕಳು ಹತ್ತರಿಂದ ಹದಿನೈದರ ಒಳಗಿದ್ದರೆ ಇದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿ ನನಗೆ ಸಿಕ್ಕಿಲ್ಲ. ತೀರಾ ಚಿಕ್ಕವರನ್ನು ಕರೆದೊಯ್ಯಬಾರದೆಂದಲ್ಲ. ಆದರೆ ಇಲ್ಲಿ ಒತ್ತುವ ಗುಂಡಿ, ಆಡುವ ಆಟ ಹೆಚ್ಚಿಲ್ಲ. ಓದಿ, ಹುಡುಕಿ, ಲೆಕ್ಕ ಹಾಕಿ ತಿಳಿಯುವ ವಯಸ್ಸಿಗೆ ಇದರ ರುಚಿ ಹತ್ತುತ್ತದೆ.

ನಾವು ಮೊದಲ ಸಲ ಸುಮ್ಮನೆ ಹೋದೆವು. ಮಗಳಿಗೆ ಹದಿಮೂರು, ಮಗನಿಗೆ ಹತ್ತು. ಒಳಗೆ ಹೊಕ್ಕ ಕೂಡಲೇ ಇಬ್ಬರೂ ಬಾಯಿ ತೆರೆದು ನಿಂತರು. ಮುಕ್ಕಾಲು ಗಂಟೆಯಲ್ಲಿ ಇಬ್ಬರಿಗೂ ಸಾಕಾಯಿತು. "ಅಮ್ಮ, ಇದಕ್ಕೆಲ್ಲ ಹೆಸರೇ ಬರೆದಿಲ್ವಲ್ಲ, ಏನಂತ ನೋಡೋದು?" ಎಂದು ಮಗ ಕೇಳಿದ. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಇದು ಉಗ್ರಾಣ, ಹೆಚ್ಚಿನ ವಸ್ತುಗಳ ಪಕ್ಕದಲ್ಲಿ ವಿವರಣೆಯ ಫಲಕ ಇಲ್ಲ. ಕಥೆ ಹೇಳುವವರು ಇಲ್ಲದ ಜಾಗಕ್ಕೆ ಮಕ್ಕಳು ತಮ್ಮದೇ ಒಂದು ಪ್ರಶ್ನೆ ಹಿಡಿದು ಹೋಗಬೇಕು. ಎರಡನೆಯ ಸಲ ಹಾಗೆ ಹೋದೆವು. ಮೂರೂವರೆ ಗಂಟೆ ಕಳೆದದ್ದು ಗೊತ್ತಾಗಲಿಲ್ಲ.

ಮೂರು ವಾರ ಮುಂಚೆ: ಮಕ್ಕಳೇ ಒಂದು ವಸ್ತು ಆರಿಸಲಿ

ಈ ಉಗ್ರಾಣದ ಅತಿ ದೊಡ್ಡ ಕೊಡುಗೆ ಎಂದರೆ, ನಿಮಗೆ ಬೇಕಾದ ವಸ್ತುವನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲಿಟ್ಟು ತೋರಿಸಿ ಎಂದು ಕೇಳಬಹುದು. ಇದಕ್ಕೆ ‘ಆರ್ಡರ್ ಆನ್ ಆಬ್ಜೆಕ್ಟ್’ ಎಂದು ಹೆಸರು. ಒಂದು ಭೇಟಿಗೆ ಐದು ವಸ್ತುಗಳವರೆಗೆ ಕೇಳಬಹುದು, ಕನಿಷ್ಠ ಎರಡು ವಾರ ಮುಂಚೆ ಕಾಯ್ದಿರಿಸಬೇಕು. ಶುಲ್ಕವಿಲ್ಲ. ವಿದ್ವಾಂಸರಾಗಿರಬೇಕಿಲ್ಲ, ‘ನೋಡಬೇಕು ಅನ್ನಿಸಿತು’ ಎಂಬುದೇ ಸಾಕಾದ ಕಾರಣ. ಎರಡು ವಾರ ಎನ್ನುವುದು ಕನಿಷ್ಠ ಗಡುವು. ಶನಿವಾರ, ಭಾನುವಾರಗಳೇ ಬೇಕಿದ್ದರೆ ಇನ್ನೂ ಮೊದಲೇ ಕೂತು ನೋಡಿ.

ವಸ್ತು ಆರಿಸುವುದು ಮ್ಯೂಸಿಯಂನ ಜಾಲತಾಣದಲ್ಲಿರುವ ‘ಎಕ್ಸ್‌ಪ್ಲೋರ್ ದ ಕಲೆಕ್ಷನ್ಸ್’ ಪುಟದಲ್ಲಿ. ಹನ್ನೆರಡು ಲಕ್ಷಕ್ಕೂ ಹೆಚ್ಚು ವಸ್ತುಗಳ ವಿವರ ಅಲ್ಲಿದೆ. ಒಂದು ಭಾನುವಾರ ಸಂಜೆ ಮಕ್ಕಳ ಕೈಗೆ ಲ್ಯಾಪ್‌ಟಾಪ್ ಕೊಟ್ಟು ಪಕ್ಕದಲ್ಲಿ ಕೂತುಬಿಡಿ. ಆರಿಸುವವರು ಅವರೇ ಆಗಿರಲಿ. ನಮಗೆ ಮುಖ್ಯವೆನಿಸಿದ್ದನ್ನು ಅವರ ಮೇಲೆ ಹೇರಿದರೆ ಇಡೀ ದಿನ ನಮ್ಮ ಹಿಂದೆ ಕಾಲೆಳೆಯುತ್ತಾ ಬರುತ್ತಾರೆ. ಫುಟ್‌ಬಾಲ್ ಹುಚ್ಚಿನವನು ಹಳೆಯ ಬೂಟು ಹುಡುಕಲಿ, ಹೊಲಿಗೆ ಕಲಿಯುತ್ತಿರುವವಳು ಗೌನು ಹುಡುಕಲಿ. ತೆರೆದ ಮೊದಲ ತಿಂಗಳುಗಳಲ್ಲಿ ಜನ ಮುಗಿಬಿದ್ದು ಕೇಳಿದ ವಸ್ತುಗಳಲ್ಲಿ ಹೆಸರಾಂತ ವಸ್ತ್ರವಿನ್ಯಾಸಕ ಬಾಲೆನ್ಸಿಯಾಗ ಹೊಲಿದ 1954ರ ಗುಲಾಬಿ ಬಣ್ಣದ ರೇಷ್ಮೆ ಉಡುಪೂ ಒಂದು.

ನಮ್ಮ ನಾಡಿನ ವಸ್ತು ಹುಡುಕುವವರಿಗೆ ಒಂದು ಉಪಾಯ ಹೇಳುತ್ತೇನೆ. ಈಗಿನ ಊರ ಹೆಸರುಗಳಿಂದ ಮಾತ್ರ ಹುಡುಕಬೇಡಿ. ಈ ದಾಖಲೆಗಳಲ್ಲಿ ಬಹಳಷ್ಟನ್ನು ಬರೆದವರು ಬ್ರಿಟಿಷ್ ಕಾಲದ ಗುಮಾಸ್ತರು. ಶ್ರೀರಂಗಪಟ್ಟಣ ಅವರ ಬಾಯಲ್ಲಿ ‘ಸೆರಿಂಗಪಟಮ್’, ಕೊಡಗು ‘ಕೂರ್ಗ್’, ಕರಾವಳಿ ‘ಕೆನರಾ’, ಧಾರವಾಡ ‘ಧಾರ್ವಾರ್’, ಮೈಸೂರು ‘ಮೈಸೋರ್’. ಹಳೆಯ ಹೆಸರು ಹಾಕಿ ನೋಡಿದಾಗ ಬರುವ ಪಟ್ಟಿಯೇ ಬೇರೆ. ಬಿದರಿ ಸಾಮಾನು ಈ ಮ್ಯೂಸಿಯಂನಲ್ಲಿ ಸಾಕಷ್ಟಿದೆ. ನಮ್ಮ ಮಗಳು ಕೊನೆಗೆ ಆರಿಸಿದ್ದು ಒಂದು ಬಿದರಿ ಹುಕ್ಕಾದ ಬುಡ.

ಪ್ರತಿ ವಸ್ತುವಿನ ಪುಟದಲ್ಲೂ ಅದು ಈಗ ಎಲ್ಲಿದೆ ಎಂದು ಬರೆದಿರುತ್ತದೆ. ಅದನ್ನು ಓದದೆ ಮಕ್ಕಳಿಗೆ ಮಾತು ಕೊಡಬೇಡಿ. ಟಿಪ್ಪುವಿನ ಹುಲಿ, ಅಂದರೆ ಟಿಪ್ಪು ಸುಲ್ತಾನನ ಮರದ ಹುಲಿಬೊಂಬೆ, ಇದೇ ಮ್ಯೂಸಿಯಂನದು ಎಂದು ಕನ್ನಡದ ಮಕ್ಕಳಿಗೆ ಹೇಗೋ ಗೊತ್ತಿರುತ್ತದೆ, ಅದನ್ನೇ ನೋಡಬೇಕೆಂದು ಹಟ ಹಿಡಿಯುತ್ತಾರೆ. ಮ್ಯೂಸಿಯಂಗೆ ಒಂದಕ್ಕಿಂತ ಹೆಚ್ಚು ಕಟ್ಟಡಗಳಿವೆ. ಹುಲಿಗಾಗಿ ಹೊರಡುವವರು ಅದರ ಪುಟ ತೆಗೆದು, ಇರುವ ಜಾಗ ನೋಡಿಕೊಂಡೇ ಹೊರಡಿ. ಹಾಗೆಯೇ ತೀರಾ ದೊಡ್ಡದು, ತೀರಾ ನಾಜೂಕಿನದು, ಬೇರೆಡೆ ಪ್ರದರ್ಶನಕ್ಕೆ ಹೋದದ್ದು ಕೇಳಿದರೂ ಸಿಗುವುದಿಲ್ಲ. ಪಟ್ಟಿಯಲ್ಲಿ ಒಂದೆರಡು ಹೆಚ್ಚುವರಿ ಹೆಸರು ಇಟ್ಟುಕೊಳ್ಳಿ. ಕಾಯ್ದಿರಿಸುವಾಗ ಮಕ್ಕಳು ಬರುತ್ತಿದ್ದಾರೆ, ವಯಸ್ಸು ಇಷ್ಟು ಎಂದು ಮರೆಯದೆ ತಿಳಿಸಿ.

ಹೊರಡುವ ಮುನ್ನ: ನಂಬರು ಓದಲು ಕಲಿಸಿ

ಫಲಕವಿಲ್ಲದ ಉಗ್ರಾಣದಲ್ಲಿ ವಸ್ತುವಿನ ಗುರುತು ಅದಕ್ಕೆ ಕಟ್ಟಿದ ಚೀಟಿಯ ನಂಬರು. ಈ ಒಂದು ಪಾಠ ಮನೆಯಲ್ಲೇ ಮಾಡಿದ್ದರಿಂದ ನಮ್ಮ ಎರಡನೆಯ ಭೇಟಿಯ ಸ್ವರೂಪವೇ ಬದಲಾಯಿತು.

ಸಾಮಾನ್ಯವಾಗಿ ಮೊದಲು ಒಂದೆರಡು ಅಕ್ಷರ, ಆಮೇಲೆ ಕ್ರಮಸಂಖ್ಯೆ, ಕೊನೆಗೆ ಇಸವಿ. ಇಂಗ್ಲಿಷಿನ ‘ಟಿ’ ಇದ್ದರೆ ಬಟ್ಟೆ ವಿಭಾಗ, ‘ಸಿ’ ಇದ್ದರೆ ಪಿಂಗಾಣಿ ಮತ್ತು ಗಾಜು, ‘ಎಂ’ ಲೋಹ, ‘ಡಬ್ಲ್ಯೂ’ ಮರಗೆಲಸ, ‘ಎಸ್’ ರಂಗಭೂಮಿ. ‘ಸರ್ಕ್’ ಎಂದಿದ್ದರೆ ಅದು ಒಂದು ಕಾಲದಲ್ಲಿ ಊರೂರು ಸುತ್ತಿದ ವಸ್ತು. ಬೇರೆ ಊರಿನ ಕಲಾಶಾಲೆಗಳಿಗೆ, ಸಣ್ಣ ಮ್ಯೂಸಿಯಂಗಳಿಗೆ ಸಾಮಾನು ಎರವಲು ಕಳಿಸಲೆಂದೇ ಒಂದು ವಿಭಾಗವಿತ್ತು, ಅದರ ಗುರುತು ಅದು. ‘ಐಎಸ್’ ಎಂದರೆ ಇಂಡಿಯನ್ ಸೆಕ್ಷನ್, ಭಾರತ ವಿಭಾಗ.

ಇಸವಿಯ ವಿಷಯದಲ್ಲಿ ಮಕ್ಕಳು ಮಾತ್ರವಲ್ಲ, ದೊಡ್ಡವರೂ ಎಡವುತ್ತಾರೆ. ಅದು ವಸ್ತು ತಯಾರಾದ ವರ್ಷವಲ್ಲ, ಮ್ಯೂಸಿಯಂನ ಲೆಕ್ಕಕ್ಕೆ ಸೇರಿದ ವರ್ಷ. ನಾನೂರು ವರ್ಷ ಹಳೆಯ ಕುರ್ಚಿಗೆ 1983 ಎಂದಿರಬಹುದು. ಹಾಗಾದರೆ ನಡುವಿನ ಅಷ್ಟೂ ವರ್ಷ ಅದು ಯಾರ ಮನೆಯಲ್ಲಿತ್ತು? ಈ ಪ್ರಶ್ನೆ ಮಕ್ಕಳೇ ಕೇಳುವವರೆಗೂ ತಾಳಿ, ನೀವಾಗಿ ಹೇಳಿಬಿಡಬೇಡಿ.

ಟಿಪ್ಪುವಿನ ಹುಲಿಯ ನಂಬರು 2545, ಪಕ್ಕದಲ್ಲಿ ಕಂಸದೊಳಗೆ ಐಎಸ್. ಇಸವಿಯೇ ಇಲ್ಲ. ಈ ಬಗೆಯ ನಂಬರು ಇರುವ ವಸ್ತುಗಳು ಹೆಚ್ಚಾಗಿ ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿನಲ್ಲಿ ನಡೆಸುತ್ತಿದ್ದ ಮ್ಯೂಸಿಯಂನಿಂದ 1879ರ ಸುಮಾರಿಗೆ ಒಟ್ಟಾಗಿ ಬಂದಂಥವು. ಅಂದರೆ ನಂಬರಿನಲ್ಲೇ ಅರ್ಧ ಚರಿತ್ರೆ ಇದೆ.

ಆ ದಿನ: ದಾರಿ, ಚೀಲ, ಊಟ

ಹತ್ತಿರದ ರೈಲು ನಿಲ್ದಾಣ ಹ್ಯಾಕ್ನಿ ವಿಕ್. ಅಲ್ಲಿಂದ ಕಾಲುವೆ ದಾಟಿ ಹತ್ತು ನಿಮಿಷದ ನಡಿಗೆ. ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಇಳಿದರೆ ಒಲಿಂಪಿಕ್ ಪಾರ್ಕಿನೊಳಗಿಂದ ಇನ್ನೂ ಹೆಚ್ಚು ನಡೆಯಬೇಕು. ಮಳೆ ಇಲ್ಲದಿದ್ದರೆ ಅದೇ ಚೆಂದ, ಮಂಡಿನೋವಿನ ಅಜ್ಜಿ ಜತೆಗಿದ್ದರೆ ಬೇಡ. ಬೆಳಗ್ಗೆ ಹತ್ತಕ್ಕೆ ತೆರೆಯುತ್ತದೆ, ಸಂಜೆಯ ಸಮಯ ವಾರದ ದಿನಕ್ಕೆ ತಕ್ಕಂತೆ ಬೇರೆಯಾಗುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ.

ಬ್ಯಾಗು, ಕೋಟುಗಳನ್ನು ಕೆಳಗಿನ ಲಾಕರಿನಲ್ಲಿಟ್ಟು ಹೋಗಬೇಕು. ಸಂಗ್ರಹವಿರುವ ಕಡೆ ತಿಂಡಿ, ನೀರು ಒಯ್ಯುವಂತಿಲ್ಲ. ಹಾಗಾಗಿ ಮೊದಲೇ ಹೊಟ್ಟೆ ತುಂಬಿಸಿ. ಕೈಯಲ್ಲಿ ಇರಬೇಕಾದ್ದು ಸಣ್ಣ ನೋಟ್‌ಬುಕ್, ಪೆನ್ಸಿಲ್ ಮತ್ತು ಫೋನು. ಪೆನ್ ಬೇಡ, ಶಾಯಿ ಒಮ್ಮೆ ಹಳೆಯ ಬಟ್ಟೆಗೋ ಕಾಗದಕ್ಕೋ ತಾಗಿದರೆ ಹೋಗುವುದಿಲ್ಲ. ಒಂದು ಸ್ವೆಟರ್ ಮೈಮೇಲೆಯೇ ಇರಲಿ.

ಒಳಗೆ: ಎಲ್ಲವನ್ನೂ ನೋಡಲು ಹೋಗಬೇಡಿ

ಬಾಗಿಲಿನಿಂದ ಮೆಟ್ಟಿಲು ಹತ್ತಿ ಒಳಗೆ ಬಂದರೆ ನೇರ ಕಟ್ಟಡದ ಹೊಟ್ಟೆಯ ನಡುವೆ ನಿಂತಿರುತ್ತೀರಿ. ಸುತ್ತ ಮೇಲೂ ಕೆಳಗೂ ಕಬ್ಬಿಣದ ಕಪಾಟುಗಳು, ಕಾಲಡಿಯ ಗಾಜಿನ ನೆಲದಲ್ಲೂ ಸಾಮಾನು. ಎತ್ತರಕ್ಕೆ ಹೆದರುವ ಮಕ್ಕಳಿಗೆ ಗಾಜಿನ ನೆಲದ ವಿಷಯ ಮೊದಲೇ ಹೇಳಿರಿ. ಬದಿಯಿಂದ ಸುತ್ತಿ ಹೋಗಬಹುದು. ಬೀಗ ಹಾಕಿದ ಗಾಜಿನ ಪೆಟ್ಟಿಗೆಗಳು ಇಲ್ಲಿ ಕಡಿಮೆ, ವಸ್ತುಗಳು ಕೈಗೆಟಕುವಷ್ಟು ಹತ್ತಿರ. ಆದರೂ ಮುಟ್ಟಬಾರದು. ‘ಮುಟ್ಟಬೇಡ’ ಎಂದಷ್ಟೇ ಹೇಳಿದರೆ ಈ ವಯಸ್ಸಿಗೆ ಸಾಲದು, ಕಾರಣ ಬೇಕು: ಬೆರಳಿನ ಬೆವರಿನಲ್ಲಿ ಉಪ್ಪು ಇದೆ, ಎಣ್ಣೆ ಇದೆ, ಲೋಹದ ಮೇಲೆ ಆ ಗುರುತು ತುಕ್ಕಾಗಿ ಕೂರುತ್ತದೆ.

ಮೊದಲ ಹದಿನೈದು ನಿಮಿಷ ಸುಮ್ಮನೆ ಅಲೆಯಲು ಬಿಡಿ. ಆಮೇಲೆ ಮೂರು ನಿಲುಗಡೆ ಸಾಕು. ನಮ್ಮ ಮೂರನ್ನು ಹೇಳುತ್ತೇನೆ.

ಒಂದು, ಫ್ರಾಂಕ್‌ಫರ್ಟ್ ಅಡುಗೆಮನೆ. ಮಾರ್ಗರೇಟ್ ಶ್ಯೂಟ್ಟೆ ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ 1926ರಲ್ಲಿ ಜರ್ಮನಿಯ ಕಾರ್ಮಿಕರ ಮನೆಗಳಿಗಾಗಿ ವಿನ್ಯಾಸ ಮಾಡಿದ್ದು, ಸುಮಾರು ಹತ್ತು ಸಾವಿರ ಮನೆಗಳಲ್ಲಿ ಕೂರಿಸಿದ್ದು. ಅಗಲ ಎರಡು ಮೀಟರಿಗೂ ಸ್ವಲ್ಪ ಕಡಿಮೆ. ಅಡುಗೆ ಮಾಡುವವಳು ಎಷ್ಟು ಹೆಜ್ಜೆ ನಡೆಯುತ್ತಾಳೆಂದು ಎಣಿಸಿ ಕಟ್ಟಿದ ಕೋಣೆ. ಅಕ್ಕಿ, ಸಕ್ಕರೆಯಂಥವಕ್ಕೆ ಹಿಡಿಯಿರುವ ಅಲ್ಯೂಮಿನಿಯಂ ಡಬ್ಬಿಗಳು ಗೋಡೆಗೆ ಸಾಲಾಗಿ ಕೂತಿವೆ, ಎಳೆದು ನೇರ ಪಾತ್ರೆಗೆ ಸುರಿಯುವ ಹಾಗೆ. ಶಿವಮೊಗ್ಗದಿಂದ ಬಂದಿದ್ದ ನಮ್ಮಮ್ಮ ಬೇರೆಲ್ಲ ಕಡೆ ಬೇಗ ಬೇಗ ದಾಟಿದವರು ಇಲ್ಲಿ ನಿಂತುಬಿಟ್ಟರು. "ಇಬ್ಬರು ಒಟ್ಟಿಗೆ ನಿಲ್ಲೋಕೆ ಜಾಗ ಇಲ್ಲ, ಅತ್ತೆ ಎಲ್ಲಿ ಕೂತ್ಕೊಂಡು ತರಕಾರಿ ಹೆಚ್ಚಬೇಕು?" ಎಂದರು. ಆ ಅಡುಗೆಮನೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೇ. ಶ್ರಮ ಉಳಿಸಲು ಕಟ್ಟಿದ ಕೋಣೆ ಹೆಂಗಸನ್ನು ಒಬ್ಬಂಟಿ ಮಾಡಿತು ಎಂದು ಮುಂದೆ ಅನೇಕರು ದೂರಿದರು. ಮಕ್ಕಳಿಂದ ನಮ್ಮ ಮನೆಯ ಅಡುಗೆಕೋಣೆಯ ನಕ್ಷೆ ಬರೆಸಿ, ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಫ್ರಿಜ್ಜಿಗೆ ಎಷ್ಟು ಹೆಜ್ಜೆ ಎಂದು ಎಣಿಸಲು ಹೇಳಿದರೆ ಹೋಲಿಕೆ ತಾನಾಗಿ ಬರುತ್ತದೆ.

ಎರಡು, ರಾಬಿನ್ ಹುಡ್ ಗಾರ್ಡನ್ಸ್‌ನ ತುಂಡು. ಇದೇ ಪೂರ್ವ ಲಂಡನ್ನಿನ ಪೋಪ್ಲರ್‌ನಲ್ಲಿ 1972ರಲ್ಲಿ ಕಟ್ಟಿದ ಬಡವರ ವಸತಿ ಸಮುಚ್ಚಯ. 2017ರಲ್ಲಿ ಕೆಡವಲು ಶುರುಮಾಡಿದಾಗ ಅದರ ಒಂದು ಭಾಗವನ್ನು ಮ್ಯೂಸಿಯಂ ಉಳಿಸಿಕೊಂಡಿತು. ಕಾಂಕ್ರೀಟಿನ ಗೋಡೆಯನ್ನು ಯಾಕೆ ಇಟ್ಟುಕೊಂಡರು ಎಂದು ಮಗ ಕೇಳಿದ. ಪ್ರತಿ ಮೂರನೆಯ ಮಹಡಿಯ ಮುಂದಿನ ಅಗಲವಾದ ಓಣಿಯಲ್ಲಿ ನೆರೆಹೊರೆಯವರು ನಿಂತು ಮಾತಾಡಲಿ, ಮಕ್ಕಳು ಆಡಲಿ ಎಂಬ ಆಸೆಯಿಂದ ಕಟ್ಟಿದ್ದರು. ವಠಾರದಲ್ಲಿ ಬೆಳೆದವರು ಜತೆಗಿದ್ದರೆ ಅವರನ್ನೇ ಮಾತಾಡಲು ಬಿಡಿ.

ಮೂರು, ಆಗ್ರಾ ಕೋಟೆಯ ಸ್ನಾನಗೃಹದ ಅಮೃತಶಿಲೆಯ ಕಂಬಸಾಲು, 17ನೆಯ ಶತಮಾನದ್ದು. ಬಿಳಿ ಕಲ್ಲಿನೊಳಗೆ ಬಣ್ಣದ ಕಲ್ಲು ಕೂರಿಸಿದ ಹೂಬಳ್ಳಿ. ಬೆರಳು ತೋರಿಸದೆ, ಬಣ್ಣದ ತುಣುಕು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಕಣ್ಣಲ್ಲೇ ಹುಡುಕಲು ಹೇಳಿ. ಮನೆಯ ಕಂಬ ಇಷ್ಟು ದೂರ ಹೇಗೆ ಬಂತು ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ.

ಸ್ಪೇನಿನ ತೊರಿಹೋಸ್‌ನ 15ನೆಯ ಶತಮಾನದ ಮರದ ಚಾವಣಿ, ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಪಿಟ್ಸ್‌ಬರ್ಗಿನ ವ್ಯಾಪಾರಿಯೊಬ್ಬನಿಗೆ ಮಾಡಿಕೊಟ್ಟ ಕಚೇರಿ, ಇವನ್ನು ದಾರಿಯಲ್ಲಿ ಸಿಕ್ಕಾಗ ನೋಡಿದರೆ ಸಾಕು. ಸಂಗೀತದ ಹುಚ್ಚು ಇರುವವರಿಗೆ ಬ್ರಿಟಿಷ್ ಗಾಯಕ ಡೇವಿಡ್ ಬೋವಿಯ ಸಂಗ್ರಹದ ವಿಭಾಗ 2025ರ ಸೆಪ್ಟೆಂಬರಿನಿಂದ ತೆರೆದಿದೆ.

ಮೇಲಿನಿಂದ ಗಾಜಿನಾಚೆ ದುರಸ್ತಿ ಕೆಲಸಗಾರರ ಕೋಣೆ ಕಾಣುತ್ತದೆ. ಯಾರಾದರೂ ಕೆಲಸ ಮಾಡುತ್ತಿದ್ದರೆ ಅಲ್ಲಿ ಹತ್ತು ನಿಮಿಷ ಕೊಡಿ. ಬಟ್ಟೆಗಳನ್ನೇಕೆ ಕತ್ತಲಲ್ಲಿ ಮಡಗುತ್ತಾರೆಂದು ಮಕ್ಕಳಿಗೆ ತಿಳಿಸಲು ಇದೇ ಸಮಯ. ಬೆಳಕು ಬಣ್ಣವನ್ನು ತಿನ್ನುತ್ತದೆ, ತಿಂದದ್ದು ಮರಳಿ ಬರುವುದಿಲ್ಲ. ಹಳೆಯ ಬಟ್ಟೆಗೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದೆಂಬುದು ಮ್ಯೂಸಿಯಂಗಳ ರೂಢಿ. ಓದುವ ಮೇಜಿನ ಬೆಳಕು ಅದರ ಎಷ್ಟೋ ಪಟ್ಟು. ಉಗ್ರಾಣದಲ್ಲಿರುವುದು ಎಂದರೆ ಮೂಲೆಗೆ ಬಿದ್ದಿರುವುದು ಎಂದು ತಿಳಿದಿದ್ದ ನನಗೂ ಆಗಲೇ ಹೊಳೆದದ್ದು, ಅವು ಅಲ್ಲಿ ಸುಧಾರಿಸಿಕೊಳ್ಳುತ್ತಿವೆ ಎಂದು.

ಮೇಜಿನ ಮುಂದೆ: ಕೇಳಿ ತರಿಸಿದ ವಸ್ತು

ಹೇಳಿದ ಸಮಯಕ್ಕೆ ಹತ್ತು ನಿಮಿಷ ಮುಂಚೆ ಹೋಗಿ. ಕೈ ತೊಳೆದು, ಬಳೆ, ಉಂಗುರ, ಜೋಲುವ ಸರ ತೆಗೆದಿಡಿ. ವಸ್ತುವನ್ನು ಹೇಗೆ ನೋಡಬೇಕು, ಕೈಯಲ್ಲಿ ಹಿಡಿಯಬಹುದೇ ಎಂಬುದನ್ನು ಸಿಬ್ಬಂದಿ ಹೇಳುತ್ತಾರೆ. ಅವರ ಮಾತೇ ಕೊನೆಯದು.

ಮೊದಲ ಐದು ನಿಮಿಷ ಯಾರೂ ಮಾತಾಡುವುದು ಬೇಡ, ಚಿತ್ರ ಬರೆಯಲಿ. ಚಿತ್ರ ಚೆನ್ನಾಗಿ ಬರಬೇಕೆಂದೇನಿಲ್ಲ. ಬರೆಯುವ ಕೈ ಇಲ್ಲದಿದ್ದರೆ ಕಣ್ಣು ಎರಡೇ ನಿಮಿಷಕ್ಕೆ ದಣಿಯುತ್ತದೆ. ಆಮೇಲೆ ಹಿಂಭಾಗ, ಒಳಭಾಗ, ತಳ ತೋರಿಸಬಹುದೇ ಎಂದು ವಿನಯದಿಂದ ಕೇಳಲಿ. ಗ್ಯಾಲರಿಯಲ್ಲಿ ಯಾವತ್ತೂ ಕಾಣದ್ದು ಅದು. ಬಿದರಿ ಹುಕ್ಕಾದ ಹೊರಮೈಯ ಕಪ್ಪು ಸತುವಿನ ಮಿಶ್ರಲೋಹದ್ದು, ಅದರಲ್ಲಿ ಕೆತ್ತಿ ಕೂರಿಸಿದ ಬೆಳ್ಳಿ. ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜತೆ ಬೆರೆಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದನ್ನು ಮಗಳು ಮೊದಲೇ ಓದಿಕೊಂಡಿದ್ದಳು. ಅವಳು ಕಣ್ಣರಳಿಸಿದ್ದು ಬೆಳ್ಳಿಯ ಹೂವಿಗಲ್ಲ, ಒಂದು ಕಡೆ ಬೆಳ್ಳಿ ಉದುರಿ ಬರಿಯ ತಗ್ಗು ಕಾಣುತ್ತಿದ್ದ ಜಾಗಕ್ಕೆ. ಆ ಪುಟ್ಟ ಗುಂಡಿಯಲ್ಲಿ ಉಳಿಯ ಗೀರು ಕಾಣುತ್ತಿತ್ತು. "ಇದು ಒಬ್ಬರ ಕೈ ಅಲ್ವಾ ಅಮ್ಮ" ಎಂದಳು. ಮಾಡಿದವರ ಹೆಸರು ದಾಖಲೆಯಲ್ಲಿ ಇರಲಿಲ್ಲ.

ಕಷ್ಟದ ಪ್ರಶ್ನೆ ಬಂದಾಗ

‘ಇದನ್ನು ಕದ್ದದ್ದಾ?’ ಎಂದು ಹನ್ನೆರಡರ ಮಕ್ಕಳು ಕೇಳಿಯೇ ಕೇಳುತ್ತಾರೆ, ಗಟ್ಟಿಯಾಗಿಯೇ ಕೇಳುತ್ತಾರೆ. ಗದರಬೇಡಿ. ‘ಎಲ್ಲ ಕದ್ದದ್ದೇ’ ಎಂದೂ ಹೇಳಿಬಿಡಬೇಡಿ, ಅದು ಸುಳ್ಳು. ಕೆಲವು ಕೊಂಡದ್ದು, ಕೆಲವು ಉಡುಗೊರೆ, ಕೆಲವು ಪ್ರದರ್ಶನಕ್ಕೆಂದು ತರಿಸಿದ್ದು, ಕೆಲವು ಯುದ್ಧದ ಕೊಳ್ಳೆ. ಟಿಪ್ಪುವಿನ ಹುಲಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸೈನಿಕರು ಒಯ್ದದ್ದು, ಅದರಲ್ಲಿ ಮುಚ್ಚುಮರೆ ಇಲ್ಲ.

ಕೊಂಡದ್ದರ ಹಿಂದೆಯೂ ಕಥೆ ಇರುತ್ತದೆ. 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬ ಅಧಿಕಾರಿ ಭಾರತದ ಬಟ್ಟೆಗಳ 700 ಮಾದರಿಗಳನ್ನು ಕತ್ತರಿಸಿ 18 ಸಂಪುಟಗಳಲ್ಲಿ ಅಂಟಿಸಿದ. ನಮ್ಮವರು ಉಡುವುದು ಏನು, ಅಂಚು ಎಷ್ಟು ಅಗಲ, ಬೆಲೆ ಎಷ್ಟು ಎಂದು ತಿಳಿದು ಬ್ರಿಟನ್ನಿನ ಗಿರಣಿಗಳು ಅಂಥದ್ದನ್ನೇ ನೇಯ್ದು ನಮಗೇ ಮಾರಲಿ ಎಂಬುದು ಉದ್ದೇಶ. ಅದರಲ್ಲಿ ಕಳವು ಇಲ್ಲ, ಆದರೆ ಎಷ್ಟೋ ಮಗ್ಗಗಳ ಸದ್ದು ಅಡಗಿಸಿದ ವ್ಯಾಪಾರಕ್ಕೆ ಅದು ನೆರವಾಯಿತು. ದಾಖಲೆಯಲ್ಲಿ ‘ಹೇಗೆ ಬಂತು’ ಎಂಬ ಸಾಲು ಇದೆಯೇ ಎಂದು ಮಕ್ಕಳೇ ನೋಡಲಿ. ಖಾಲಿ ಇದ್ದರೆ ‘ಖಾಲಿ’ ಎಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ.

ನೆದರ್ಲೆಂಡ್ಸ್‌ನಲ್ಲಿ ಇರುವವರಿಗೆ ಒಂದು ಮಾತು: ರಾಟರ್‌ಡ್ಯಾಮಿನ ಬೋಯ್‌ಮನ್ಸ್ ಮ್ಯೂಸಿಯಂನ ತೆರೆದ ಉಗ್ರಾಣ ‘ಡೀಪೋ’ ಇದಕ್ಕೂ ಮೊದಲೇ, 2021ರ ನವೆಂಬರಿನಲ್ಲಿ ತೆರೆಯಿತು. ಕನ್ನಡಿ ಹೊದ್ದ ದೊಡ್ಡ ಬೋಗುಣಿಯಂಥ ಕಟ್ಟಡ. ಅಲ್ಲಿ ಸಾಮಾನು ಜೋಡಿಸಿರುವುದು ಕಾಲ, ಶೈಲಿ ನೋಡಿ ಅಲ್ಲ; ಯಾವುದಕ್ಕೆ ಎಷ್ಟು ತಂಪು, ಎಷ್ಟು ತೇವ ಬೇಕು ಎಂಬುದನ್ನು ನೋಡಿ. ಟಿಕೆಟ್ ಇದೆ. ಮೇಲಿನ ಸಿದ್ಧತೆಯಲ್ಲಿ ಬಹಳಷ್ಟು ಅಲ್ಲಿಗೂ ಆಗುತ್ತದೆ.

ಮನೆಗೆ ಬಂದ ಮೇಲೆ

ವರದಿ ಬರೆ ಎಂದು ಕೂರಿಸಬೇಡಿ, ಅದು ಶಾಲೆಯ ಕೆಲಸವಾಗಿಬಿಡುತ್ತದೆ. ಬದಲಿಗೆ ಒಂದು ಹೊಸ ನೋಟ್‌ಬುಕ್ ಕೊಟ್ಟು ಮನೆಯ ಹತ್ತು ವಸ್ತುಗಳಿಗೆ ನಂಬರು ಹಾಕಲು ಹೇಳಿ. ನಿಯಮ ಉಗ್ರಾಣದ್ದೇ: ಮೊದಲು ವಿಭಾಗದ ಅಕ್ಷರ, ಆಮೇಲೆ ಕ್ರಮಸಂಖ್ಯೆ, ಕೊನೆಗೆ ಮನೆಗೆ ಬಂದ ಇಸವಿ. ಊರಿಗೆ ಹೋದಾಗ ಅಜ್ಜಿ ಮನೆಯಲ್ಲಿ ಇದನ್ನು ಮಾಡಿದರೆ ಇನ್ನೂ ಒಳ್ಳೆಯದು. ನಮ್ಮ ಪುಸ್ತಕದಲ್ಲಿ ಮೊದಲ ನಮೂದು ‘ಹಿ.1-1971’, ನಮ್ಮಮ್ಮನ ಮದುವೆಗೆ ಅವರ ಸೋದರಮಾವ ಕೊಟ್ಟ ಹಿತ್ತಾಳೆ ಹರಿವಾಣ. ಇಸವಿ ಗೊತ್ತಿಲ್ಲದ ಕಡೆ ಮಕ್ಕಳು ಜಾಗ ಬಿಟ್ಟು, ಪಕ್ಕದಲ್ಲಿ ಪೆನ್ಸಿಲಿನಿಂದ ‘ಅಜ್ಜಿಯನ್ನು ಕೇಳಬೇಕು’ ಎಂದು ಬರೆದಿದ್ದಾರೆ. ಅಂಥವು ಹತ್ತರಲ್ಲಿ ಆರು. ವಾರಕ್ಕೊಂದು ವೀಡಿಯೋ ಕರೆಗೆ ಒಂದೊಂದು.